ಹಸುಗೂಸಿನ ಮೊದಲ ನಲವತ್ತೆರಡು ದಿನ

ಕನಕಪುರ ಕಡೆಯ ಕಬ್ಬಾಳಿನ ಸುತ್ತಮುತ್ತ ರೇಷ್ಮೆ ಹುಳು ಮೇಯಿಸುವವರ ಮನೆಯಲ್ಲಿ ಹುಳುಮನೆಗೆ ಯಾರೂ ಸುಮ್ಮನೆ ನುಗ್ಗುವಂತಿಲ್ಲ. ಹೊಸ್ತಿಲ ಬಳಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಕಾಲಿಟ್ಟು, ಕೈ ತೊಳೆದುಕೊಂಡೇ ಒಳಗೆ ಹೋಗಬೇಕು. ಎಳೆಯ ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಶೇಕಡ 85ರ ಆಸುಪಾಸಿನಲ್ಲಿ ತೇವ ಬೇಕು. ಕೊನೆಯ ಜ್ವರ, ಅಂದರೆ ಪೊರೆ ಕಳಚುವ ಹಂತ, ಕಳೆದ ದೊಡ್ಡ ಹುಳುವಿಗೆ 24–25 ಡಿಗ್ರಿ ಸಾಕು. ಗಾಳಿ ಆಡದಿದ್ದರೆ, ಕೈ ಕೊಳೆಯಾಗಿದ್ದರೆ ಹಾಲುತೊಂಡೆಯೋ ಸುಣ್ಣಕಟ್ಟೋ ಎಂಬ ರೋಗ ಕಾಣಿಸಿಕೊಂಡು ಇಡೀ ಬೆಳೆ ಕೈತಪ್ಪುತ್ತದೆ ಎಂಬುದು ಕನಕಪುರ, ರಾಮನಗರ ಕಡೆಯ ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ನೆಂಟರನ್ನು ಹುಳುಮನೆಯ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಬಾಣಂತಿ ಮಲಗಿದ್ದರೆ ಮಾತ್ರ ಈ ಕಟ್ಟುನಿಟ್ಟು ಸಡಿಲವಾಗಿಬಿಡುತ್ತದೆ. ಬಸ್ಸಿಳಿದು ನೇರವಾಗಿ ಬಂದವರು ಕೂಸನ್ನು ಎತ್ತಿಕೊಂಡು ಕೆನ್ನೆಗೆ ಮುತ್ತಿಡುತ್ತಾರೆ. ನೆಗಡಿಯಾದ ಮಕ್ಕಳು ತೊಟ್ಟಿಲೊಳಗೆ ಬಗ್ಗಿ ನೋಡುತ್ತಾರೆ. ಕೈ ತೊಳೆದು ಬನ್ನಿ ಎಂದು ಹೇಳಲು ಹೊಸ ತಾಯಿಗೆ ಸಂಕೋಚ, ಅವಳ ಗಂಡನಿಗೆ ಇನ್ನೂ ಸಂಕೋಚ. ಹುಳುವಿನ ವಿಷಯದಲ್ಲಿ ಈ ಭಾಗದ ಜನಕ್ಕೆ ಕೈಬಂದಿರುವ ಜಾಣ್ಮೆ ಕೂಸಿನ ವಿಷಯಕ್ಕೂ ಬಂದರೆ ನವಜಾತ ಶಿಶುವಿನ ಆರೈಕೆಯ ಅರ್ಧ ಪಾಠ ಮುಗಿದಂತೆಯೇ. ಶಾಖ, ಶುಚಿ, ಹೊತ್ತುಹೊತ್ತಿಗೆ ಆಹಾರ: ಕೂಸು ಬೇಡುವುದೂ ಇಷ್ಟನ್ನೇ.

ಈ ದಿನಗಳಿಗೆ ಇಷ್ಟು ಕಾಳಜಿ ಯಾಕೆ ಎಂಬುದನ್ನು ಭಾರತದ ಮಾದರಿ ನೋಂದಣಿ ಸಮೀಕ್ಷೆಯ 2020ರ ಅಂಕಿಗಳು ಹೇಳುತ್ತವೆ. ಆ ವರ್ಷ ದೇಶದಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 28 ಶಿಶುಗಳು ಮೊದಲ ಹುಟ್ಟುಹಬ್ಬ ಕಾಣಲಿಲ್ಲ. ಅವುಗಳಲ್ಲಿ 20 ತೀರಿಕೊಂಡದ್ದು ಮೊದಲ 28 ದಿನಗಳ ಒಳಗೆ. ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕ, ಹುಟ್ಟುವಾಗ ಉಸಿರುಗಟ್ಟುವುದು, ನಂಜು ಇವೇ ಮುಖ್ಯ ಕಾರಣಗಳು. ಹೆರಿಗೆಯ ಹೊತ್ತಿನ ಅಪಾಯ ಆಸ್ಪತ್ರೆಯ ಕೈಯಲ್ಲಿದೆ. ನಂಜು, ಚಳಿ, ಹಾಲಿನ ಕೊರತೆ ಮನೆಯವರ ಕೈಯಲ್ಲಿವೆ.

ಮೊದಲು ಶಾಖದ ಮಾತು. ತಾಯಿಯ ಹೊಟ್ಟೆಯಲ್ಲಿ 37 ಡಿಗ್ರಿ ಬೆಚ್ಚಗಿನ ನೀರಿನಲ್ಲಿದ್ದ ಕೂಸು ಒಮ್ಮೆಲೇ ಒದ್ದೆ ಮೈಯಲ್ಲಿ ಹೊರಗೆ ಬರುತ್ತದೆ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರದ್ದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು, ಚರ್ಮದಡಿಯ ಕೊಬ್ಬು ತೆಳು, ತಲೆ ದೊಡ್ಡದು. ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಕತ್ತಿನ ಸುತ್ತ, ಹೆಗಲೆಲುಬುಗಳ ನಡುವೆ ಇರುವ ಕಂದು ಕೊಬ್ಬನ್ನು ಉರಿಸಿಯೇ ಅದು ಮೈ ಬೆಚ್ಚಗಿಟ್ಟುಕೊಳ್ಳಬೇಕು. ಆ ಕೆಲಸಕ್ಕೆ ಆಮ್ಲಜನಕವೂ ಬೇಕು, ಸಕ್ಕರೆಯೂ ಬೇಕು. ಚಳಿಗೆ ಸಿಕ್ಕಿದ ಕೂಸು ಹಾಲು ಕುಡಿಯಲೂ ತ್ರಾಣವಿಲ್ಲದೆ ಮಂಕಾಗುವುದು ಇದಕ್ಕೇ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಮೇಲೆ ಕನಿಷ್ಠ 24 ಗಂಟೆ ಮಗುವಿಗೆ ನೀರು ಹಾಕಬೇಡಿ ಎನ್ನುತ್ತದೆ. ಮೈಮೇಲಿನ ಬೆಣ್ಣೆಯಂಥ ಬಿಳಿ ಲೇಪ ಕೊಳೆಯಲ್ಲ. ಚರ್ಮವನ್ನು ಒಣಗದಂತೆ, ನಂಜಾಗದಂತೆ ಕಾಯುವ ಪದರ. ಅದನ್ನು ಉಜ್ಜಿ ತೆಗೆಯುವ ಅವಸರ ಬೇಡ. ತೂಕ ಕಡಿಮೆಯಿರುವ ಕೂಸಿಗೆ ಸ್ನಾನ ಇನ್ನೂ ತಡವಾಗಲಿ, ಅಲ್ಲಿಯವರೆಗೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಾಣಂತಿ ಕೋಣೆ 25ರಿಂದ 28 ಡಿಗ್ರಿಯಲ್ಲಿದ್ದರೆ ಒಳ್ಳೆಯದು. ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ, ದೊಡ್ಡವರು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಪರೀಕ್ಷೆಗೆ ಯಂತ್ರವೇ ಬೇಕೆಂದಿಲ್ಲ. ಅಂಗೈ ಹಿಂಬದಿಯಿಂದ ಮೊದಲು ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗು ಚಳಿಯ ಜೊತೆ ಸೆಣಸುತ್ತಿದೆ. ಎರಡೂ ತಣ್ಣಗಿದ್ದರೆ ಕೂಡಲೇ ತಾಯಿಯ ಎದೆಗೆ ಅಪ್ಪಿಸಿ, ಮೇಲೆ ಹೊದಿಸಿ, ಆಸ್ಪತ್ರೆಗೆ ಹೊರಡಬೇಕು.

ಚಳಿ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿ 2023ರ ಜುಲೈನಲ್ಲಿ ಕಂಡಿತು. ಸೂತಕದ ಕಟ್ಟಳೆಗೆ ಒಳಪಟ್ಟು ಬಾಣಂತಿ ತನ್ನ ಹಸುಗೂಸಿನೊಂದಿಗೆ ಊರಾಚೆಯ ಗುಡಿಸಲಲ್ಲಿದ್ದಳು. ಮಳೆ, ಶೀತಗಾಳಿ. ಕೂಸು ಕಾಯಿಲೆ ಬಿದ್ದು ಉಳಿಯಲಿಲ್ಲ. ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗೆ ಹೋಗಿ ತಾಯಂದಿರನ್ನು ಮನೆಯೊಳಗೆ ಸೇರಿಸುವಂತೆ ಜನರ ಮನವೊಲಿಸಬೇಕಾಯಿತು. ಬಾಣಂತಿಯನ್ನು ಮನೆಯ ಬೆಚ್ಚಗಿನ ಕೋಣೆಯಿಂದ ದೂರವಿಡುವ ಯಾವ ಆಚಾರವೂ, ಅದು ಯಾವ ಜಾತಿಯದ್ದೇ ಆಗಲಿ, ಕೂಸಿನ ಜೀವಕ್ಕೆ ಎರವಾಗುತ್ತದೆ. ಇದನ್ನು ನಯವಾಗಿ ಹೇಳಿ ಸುಮ್ಮನಾಗುವಂತಿಲ್ಲ.

ಬೆಚ್ಚಗಿಡುವ ಅತ್ಯುತ್ತಮ ಉಪಾಯಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. 1978ರ ಹೊತ್ತಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾದ ಬೊಗೋಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದೊಂದರಲ್ಲಿ ಎರಡು ಮೂರು ಶಿಶುಗಳನ್ನು ಮಲಗಿಸುವ ಪಾಡು ಬಂದಿತ್ತು. ಅಲ್ಲಿನ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1 ಕಿಲೋದಿಂದ 1.8 ಕಿಲೋ ಒಳಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಶುರುಮಾಡಿದಾಗ 28 ದಿನಗಳೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸರ್ಕಾರದೊಂದಿಗೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಒಯ್ದರು. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಯಾವ ಕೂಸಿಗೂ ಇದು ಒಳ್ಳೆಯದು. ತಾಯಿ ದಣಿದಿದ್ದರೆ ಅಪ್ಪನ ಎದೆಯೂ ಆದೀತು, ಅಜ್ಜಿಯ ಎದೆಯೂ ಆದೀತು. ಅಪ್ಪಂದಿರಿಗೆ ಕೈಹಾಕಲು ಕೆಲಸವಿಲ್ಲ ಎನ್ನುವ ಮನೆಗಳಲ್ಲಿ ಇದನ್ನು ಮೊದಲು ಹೇಳಿಕೊಡಬೇಕು.

ಇನ್ನೊಂದು ತುದಿಯ ತಪ್ಪೂ ಇದೆ. ಬಾಣಂತಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಕಿಟಕಿ ಬಾಗಿಲು ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕುವ ಮನೆಗಳು ಈಗಲೂ ಇವೆ. ಮುಚ್ಚಿದ ಕೋಣೆಯ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಹೊಗೆ ಕೂಸಿನ ಎಳೆಯ ಶ್ವಾಸಕೋಶವನ್ನು ಕೆರಳಿಸುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಉಣ್ಣೆ ಬಟ್ಟೆ ಸುತ್ತಿದರೆ ಮೈ ಕಾದು ಜ್ವರವೇ ಬಂದಂತಾಗುತ್ತದೆ. ಹುಳುಮನೆ ಇರುವವರಿಗೆ ಇನ್ನೊಂದು ಎಚ್ಚರಿಕೆ: ಬೆಳೆ ಮುಗಿದ ಮೇಲೆ ಸೋಂಕು ತೊಳೆಯಲು ಬಳಸುವ ಫಾರ್ಮಾಲಿನ್, ಬ್ಲೀಚಿಂಗ್ ಪುಡಿಯ ಘಾಟು ಕೂಸಿನ ಉಸಿರಿಗೆ ಒಗ್ಗದು. ಆ ಕೆಲಸದ ದಿನ ತಾಯಿ, ಮಗು ಬೇರೆ ಕಡೆ ಇರಲಿ. ಔಷಧಿ ಹೊಡೆದು ಬಂದವರು ಮೈ ತೊಳೆದು ಬಟ್ಟೆ ಬದಲಿಸಿಯೇ ಕೂಸನ್ನು ಮುಟ್ಟಲಿ.

ಇನ್ನು ಹಾಲು. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಸಿಗುವುದು ಸುಮಾರು ಅರ್ಧದಷ್ಟು ಕೂಸುಗಳಿಗೆ ಮಾತ್ರ. ಸಿಸೇರಿಯನ್ ಆದ ತಾಯಿ ಮಂಪರಿನಲ್ಲಿರುವುದು ಒಂದು ಕಾರಣ. ಹಾಲು ಇಳಿದಿಲ್ಲ ಎಂಬ ಹೆದರಿಕೆ ಇನ್ನೊಂದು. ಮೊದಲ ಎರಡು ಮೂರು ದಿನ ಬರುವ ಹಳದಿ, ಅಂಟಂಟು ಹಾಲು ಚಮಚದ ಲೆಕ್ಕದಲ್ಲಷ್ಟೇ ಇರುತ್ತದೆ. ಕೂಸಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ರೋಗದ ಜೊತೆ ಕಾದಾಡುವ ಪ್ರತಿಕಾಯಗಳು, ಬಿಳಿ ರಕ್ತಕಣಗಳು ಅದರಲ್ಲಿ ತುಂಬಿರುತ್ತವೆ, ಕೂಸಿನ ಕರುಳಿಗೆ ಅದೇ ಮೊದಲ ರಕ್ಷಣೆ. ದನ ಕರು ಹಾಕಿದರೆ ಕರುವಿಗೆ ಗಿಣ್ಣುಹಾಲು ತಪ್ಪದಂತೆ ನೋಡಿಕೊಳ್ಳುವ ರೈತನ ಮನೆಯಲ್ಲೇ ಕೂಸಿನ ಪಾಲಿನ ಗಿಣ್ಣನ್ನು ಹಿಂಡಿ ಚೆಲ್ಲುವ ರೂಢಿ ಹಿಂದೆ ಇತ್ತು. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ, ಕೂಸು ಕೇಳಿದಾಗಲೆಲ್ಲ ಎದೆ ಕೊಡಬೇಕು. ಕೇಳುವುದೆಂದರೆ ಅಳುವುದೇ ಅಲ್ಲ. ಬಾಯಿ ತೆರೆದು ಅತ್ತಿತ್ತ ಹುಡುಕುವುದು, ಮುಷ್ಟಿ ಚೀಪುವುದು ಮೊದಲ ಸೂಚನೆ, ಅಳು ಕೊನೆಯದು. ಮೊಲೆತೊಟ್ಟಷ್ಟೇ ಬಾಯಲ್ಲಿದ್ದರೆ ತಾಯಿಗೆ ನೋವು, ಕೂಸಿಗೆ ಹಾಲಿಲ್ಲ. ಬಾಯಿ ಅಗಲವಾಗಿ ತೆರೆದು, ಗಲ್ಲ ಎದೆಗೆ ತಾಗಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಹೋಗಬೇಕು. ಹಾಲು ಸಾಕಾಗುತ್ತಿದೆಯೇ ಎಂಬ ಅನುಮಾನಕ್ಕೆ ಉತ್ತರ ಒದ್ದೆ ಬಟ್ಟೆಯಲ್ಲಿದೆ: ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಸಾಕಾಗುತ್ತಿದೆ. ಮೊದಲ ವಾರ ಹುಟ್ಟುತೂಕದಲ್ಲಿ ನೂರಕ್ಕೆ 10 ಪಾಲಿನವರೆಗೆ ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಿ ಬರಬೇಕು. ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ.

ಬೇಸಿಗೆಯಲ್ಲೂ ಕೂಸಿಗೆ ನೀರು ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ಜೇನು ನೆಕ್ಕಿಸುವುದಂತೂ ವರ್ಷ ತುಂಬುವವರೆಗೆ ಸಲ್ಲದು. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆ ಕರುಳಿನಲ್ಲಿ ಮೊಳೆತು ವಿಷ ಬಿಟ್ಟು ಸ್ನಾಯುಗಳನ್ನು ಸೋಲಿಸುತ್ತವೆ. ಬಜೆ, ಮಾಚಿಕಾಯಿ ತೇಯ್ದು ನೆಕ್ಕಿಸುವುದು ಪ್ರೀತಿಯಿಂದಲೇ ನಡೆಯುವ ಕೆಲಸ. ಆದರೆ ತೇಯುವ ಕಲ್ಲು, ನೀರು, ಬೆರಳು ಮೂರೂ ಶುಚಿಯಾಗಿವೆಯೆಂದು ಹೇಳುವವರು ಯಾರು? ಆರು ತಿಂಗಳವರೆಗೆ ಎದೆಹಾಲು, ವೈದ್ಯರು ಬರೆದ ವಿಟಮಿನ್ ಡಿ ಹನಿ ಅಥವಾ ಔಷಧಿ ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಇಲ್ಲಿ ಅಜ್ಜಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕೈಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳಾಗಿದ್ದವು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಓದು ಬರಹವಿಲ್ಲದ ಆ ತಾಯಿಯ ಕೈಗುಣ ಅನುಭವದಿಂದ ಬಂದ ವಿದ್ಯೆ. ನೀಳವಾಗಿ ಕಾಲು ಚಾಚಿ, ಮೊಣಕಾಲ ಕೆಳಗೆ ಕೂಸನ್ನು ಬೋರಲು ಹಾಕಿಕೊಂಡು ನೀರು ಹಾಕುವ ಅಜ್ಜಿಯ ಭದ್ರ ಹಿಡಿತ ಯಾವ ನರ್ಸಿಂಗ್ ಪುಸ್ತಕದಿಂದಲೂ ಕಲಿಯಲಾಗದ್ದು. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಚರ್ಮಕ್ಕೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಬಿಡಬೇಕಾದದ್ದು ಅದರ ಜೊತೆ ಅಂಟಿಕೊಂಡು ಬಂದಿರುವ ಕೆಲವು ಕೆಲಸಗಳನ್ನು.

ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಅವುಗಳಲ್ಲಿ ಮೊದಲನೆಯದು. ಮೂಗಿನಿಂದ ಜಾರಿದ ಎಣ್ಣೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗುತ್ತದೆ, ಅದು ಗುಣವಾಗುವುದು ಕಷ್ಟ. ಹುಟ್ಟಿದ ಕೂಸಿನ ಎದೆ, ಗಂಡಾಗಲಿ ಹೆಣ್ಣಾಗಲಿ, ತಾಯಿಯ ಹಾರ್ಮೋನಿನಿಂದ ಊದಿರಬಹುದು; ಹಿಂಡಿದರೆ ಕೀವಾಗುತ್ತದೆ, ಬಿಟ್ಟರೆ ತಾನೇ ಇಳಿಯುತ್ತದೆ. ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು ಬೇಡ. ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಿ, ಅದು ಬಾಯಿಗೆ ಕಣ್ಣಿಗೆ ಹೋಗುವುದಿಲ್ಲ. ನೆತ್ತಿ ಮೆತ್ತಗೆ ಮಿಡಿಯುವುದು ಸಹಜ, ಅದನ್ನು ಎಣ್ಣೆಯಿಂದ ಗಟ್ಟಿ ಮಾಡಬೇಕಾಗಿಲ್ಲ. ನೆತ್ತಿ ಒಳಗೆ ಗುಳಿ ಬಿದ್ದರೆ ನೀರಿನಂಶ ಕಡಿಮೆಯಾಗಿದೆ, ಉಬ್ಬಿ ಬಿಗಿದರೆ ಒಳಗೇನೋ ಕೆಟ್ಟಿದೆ. ಎರಡಕ್ಕೂ ವೈದ್ಯರೇ ಬೇಕು.

ಹೊಕ್ಕುಳಿನ ಕತೆ ಇನ್ನೂ ಗಂಭೀರ. ಬೂದಿ, ಸಗಣಿ, ಅರಿಶಿನ ಹಚ್ಚಿದ ಹೊಕ್ಕುಳಬಳ್ಳಿಯ ದಾರಿಯಲ್ಲೇ ಧನುರ್ವಾಯು ಒಳಗೆ ಹೋಗುತ್ತಿತ್ತು. ಹುಟ್ಟಿದ ಒಂದೇ ವಾರದಲ್ಲಿ ದವಡೆ ಕಚ್ಚಿಕೊಂಡು, ಹಾಲು ಬಿಟ್ಟು, ಮೈ ಬಿಲ್ಲಿನಂತೆ ಸೆಟೆದು ಹೋಗುತ್ತಿದ್ದ ಕೂಸುಗಳನ್ನು ಹಿಂದಿನವರು ಬಾಲಗ್ರಹ ಎಂದು ಅತ್ತು ಕೈಬಿಟ್ಟದ್ದುಂಟು. ಬಸುರಿಗೆ ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಹೊಸ ಬ್ಲೇಡು ಇವುಗಳಿಂದ ಭಾರತ 2015ರಲ್ಲಿ ತಾಯಿ-ಶಿಶು ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಇಂದು ಹೊಕ್ಕುಳಿಗೆ ಏನೂ ಹಚ್ಚಬೇಕಾಗಿಲ್ಲ. ಒಣಗಿ, ಗಾಳಿಯಾಡಿ, ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಉದುರುತ್ತದೆ. ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಕಟ್ಟಬೇಕು. ಬುಡದ ಸುತ್ತ ಕೆಂಪು ಹಬ್ಬಿದರೆ, ಕೀವು ಬಂದರೆ ಅಂದೇ ಆಸ್ಪತ್ರೆ.

ಮೂರನೆಯ ದಿನದ ಹೊತ್ತಿಗೆ ಮುಖ, ಎದೆ ಹಳದಿಗೆ ತಿರುಗಿದಾಗ ಮನೆಯಲ್ಲಿ ಗಾಬರಿ ಶುರುವಾಗುತ್ತದೆ. ಹುಟ್ಟುವ ಮುಂಚೆ ಕೂಸಿಗೆ ಬೇಕಾಗಿದ್ದ ಹೆಚ್ಚುವರಿ ಕೆಂಪು ರಕ್ತಕಣಗಳು ಒಡೆಯುವಾಗ ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತು ಬರುತ್ತದೆ. ಅದನ್ನು ಹೊರಹಾಕಲು ಎಳೆ ಯಕೃತ್ತಿಗೆ ಇನ್ನೂ ಸಾಮರ್ಥ್ಯವಿಲ್ಲ. ಅವಧಿ ತುಂಬಿ ಹುಟ್ಟಿದ ಕೂಸುಗಳಲ್ಲೇ ಅರ್ಧಕ್ಕಿಂತ ಹೆಚ್ಚಿನವು ಹೀಗೆ ಹಳದಿಯಾಗಿ, ಹಾಲು ಕುಡಿದಂತೆ ಮಲದ ಮೂಲಕ ಬಣ್ಣ ಹೊರಹೋಗಿ, ಸರಿಯಾಗುತ್ತವೆ. ಮಿತಿ ಮೀರಿದರೆ ಮಾತ್ರ ಅದು ಮಿದುಳಿಗೆ ಇಳಿದು ಕಿವುಡು, ಅಂಗ ಊನ ತರಬಲ್ಲದು.

ಇದರ ಚಿಕಿತ್ಸೆ ಸಿಕ್ಕಿದ್ದು ಒಬ್ಬ ದಾದಿಯ ಕಣ್ಣಿಗೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬಿಸಿಲು ಕಾಯಿಸಲು ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ವೈದ್ಯರಿಗೆ ಕೂಸೊಂದರ ಬಟ್ಟೆ ಸರಿಸಿ ತೋರಿಸಿದರು: ಮೈಯೆಲ್ಲ ಬಿಳುಪು, ಬಟ್ಟೆಯ ತುದಿ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಆಮೇಲೆ ಕಿಟಕಿಯ ಬಳಿ ಬಿಸಿಲಿಗೆ ಉಳಿದುಹೋದ ರಕ್ತದ ಮಾದರಿಯಲ್ಲೂ ಬಿಲಿರುಬಿನ್ ಇಳಿದಿತ್ತು. ಇದರ ಬೆನ್ನುಹತ್ತಿದ ರಿಚರ್ಡ್ ಕ್ರೀಮರ್ ಮತ್ತು ಸಂಗಡಿಗರು ನೀಲಿ ಬೆಳಕಿನ ದೀಪದ ತೊಟ್ಟಿಲು ಮಾಡಿ 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್‌ನ ಆಕಾರ ಬದಲಿಸಿ, ನೀರಿನಲ್ಲಿ ಕರಗಿ ಹೊರಹೋಗುವಂತೆ ಮಾಡುತ್ತದೆ. ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದಡಿ ಮಲಗಿರುವ ಕೂಸುಗಳು ಆ ದಾದಿಯ ಋಣದಲ್ಲಿವೆ.

ಹಾಗಾದರೆ ಬೆಳಗಿನ ಎಳೆಬಿಸಿಲು ಸಾಲದೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಬಿಸಿಲಿನ ತೀವ್ರತೆ ಅಳತೆಗೆ ಸಿಗುವುದಿಲ್ಲ, ಬೆತ್ತಲೆ ಮಲಗಿಸಿದ ಕೂಸು ಚಳಿಗೋ ಸುಡುವ ಬಿಸಿಲಿಗೋ ಸಿಕ್ಕಿಬೀಳುತ್ತದೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಎರಡು ವಾರ ದಾಟಿದರೂ ಹೋಗದಿದ್ದರೆ, ಮಲ ಸುಣ್ಣದಂತೆ ಬಿಳಿಯಾಗಿದ್ದರೆ ರಕ್ತ ಪರೀಕ್ಷೆ ಆಗಲೇಬೇಕು. ಕಾಮಾಲೆಗೆಂದು ಬರೆ ಹಾಕುವುದು ಕೂಸಿಗೆ ಮಾಡುವ ಹಿಂಸೆ. ಅದರಿಂದ ಹಳದಿ ಇಳಿಯುವುದಿಲ್ಲ, ಸುಟ್ಟ ಗಾಯದಿಂದ ನಂಜು ಏರುತ್ತದೆ.

ಇಷ್ಟನ್ನೆಲ್ಲ ಹೊಸ ತಾಯಿ ಒಬ್ಬಳೇ ಕಂಡುಹಿಡಿಯಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. 2011ರಿಂದ ದೇಶದಲ್ಲೆಲ್ಲ ಜಾರಿಯಲ್ಲಿರುವ ಈ ವ್ಯವಸ್ಥೆಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ವೈದ್ಯ ದಂಪತಿ ಅಭಯ್ ಮತ್ತು ರಾಣಿ ಬಂಗ್ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ನವಜಾತ ಶಿಶುಗಳ ಸಾವನ್ನು ನೂರಕ್ಕೆ 62ರಷ್ಟು ಇಳಿಸಿ 1999ರಲ್ಲಿ ಜಗತ್ತಿಗೆ ತೋರಿಸಿದರು.

ಕಬ್ಬಾಳಿನಂಥ ಊರಿನಲ್ಲಿ ಆಶಾ ಬಂದಾಗ ಅವಳು ಮಾಡುವುದನ್ನು ಮನೆಯವರು ಗಮನವಿಟ್ಟು ನೋಡಬೇಕು. ಮೊದಲು ಸೋಪು ಹಚ್ಚಿ, ಬೆರಳಸಂದಿ ಉಜ್ಜಿ ಕೈ ತೊಳೆದು, ಬಟ್ಟೆಗೆ ಒರೆಸದೆ ಹಾಗೇ ಒಣಗಿಸಿಕೊಳ್ಳುತ್ತಾಳೆ. ಥರ್ಮಾಮೀಟರನ್ನು ಕೂಸಿನ ಕಂಕುಳಿಗಿಟ್ಟು, ಕೀ ಎಂದು ಸದ್ದಾಗುವವರೆಗೆ ತೋಳು ಒತ್ತಿ ಹಿಡಿಯುತ್ತಾಳೆ. “ಚೆನ್ನಾಗೇ ಐತಲ್ಲವ್ವಾ ಕೂಸು, ಇನ್ನೇನು ನೋಡ್ತೀಯ” ಎನ್ನುವ ಅಜ್ಜಿಗೆ, “ಒಂದು ನಿಮಿಷ ಇರಜ್ಜಿ, ಉಸಿರು ಎಣಿಸ್ತಾ ಇವ್ನಿ” ಎಂದು ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಹೊಟ್ಟೆ ಏರಿಳಿಯುವುದನ್ನು ಲೆಕ್ಕ ಹಾಕುತ್ತಾಳೆ. ಕೂಸಿನ ಉಸಿರು ಒಮ್ಮೆ ಬೇಗ, ಒಮ್ಮೆ ನಿಧಾನ. ಹಾಗಾಗಿ ಇಡೀ ಒಂದು ನಿಮಿಷ ಎಣಿಸಬೇಕು. 60 ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನೊಮ್ಮೆ ಎಣಿಸಬೇಕು. ಆಗಲೂ ಅಷ್ಟೇ ಇದ್ದರೆ ಅಪಾಯ. ಕೊನೆಗೆ ಜೋಳಿಗೆಯಂಥ ತಕ್ಕಡಿಯಲ್ಲಿ ತೂಕ. ತಾಯಿ ಕಾರ್ಡಿನಲ್ಲಿ ಅದು ದಾಖಲಾಗುವವರೆಗೆ ಅವಳನ್ನು ಎದ್ದು ಹೋಗಲು ಬಿಡಬಾರದು.

ಮನೆಯವರು ಬಾಯಿಪಾಠ ಮಾಡಿಕೊಳ್ಳಬೇಕಾದ ಅಪಾಯದ ಗುರುತುಗಳು ಕೆಲವೇ. ಹಾಲು ಕುಡಿಯುವುದನ್ನು ಬಿಟ್ಟಿತು, ಅಳು ಕ್ಷೀಣಿಸಿತು, ಎಬ್ಬಿಸಿದರೂ ಏಳದು, ಉಸಿರಾಡುವಾಗ ಎದೆಯ ಕೆಳಭಾಗ ಒಳಗೆ ಗುಳಿ ಬೀಳುತ್ತದೆ, ಫಿಟ್ಸ್ ಬಂತು, ಕಂಕುಳಿನ ಶಾಖ 37.5 ಡಿಗ್ರಿ ದಾಟಿತು ಅಥವಾ 35.5ಕ್ಕಿಂತ ಇಳಿಯಿತು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಹಸುಗೂಸಿನಲ್ಲಿ ನಂಜು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. 108ಕ್ಕೆ ಫೋನ್ ಮಾಡಿ, ಗಾಡಿಯಲ್ಲಿ ಕೂಸನ್ನು ಎದೆಗೆ ಅಪ್ಪಿಕೊಂಡೇ ಕನಕಪುರಕ್ಕೋ ರಾಮನಗರಕ್ಕೋ ಹೋಗಬೇಕು. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ. ದುಡ್ಡಿಲ್ಲವೆಂದು ತಡಮಾಡುವುದು ಬೇಡ.

ಮಲಗಿಸುವಾಗ ಬೆನ್ನ ಮೇಲೆ ಮಲಗಿಸಿ. ಬೋರಲು ಮಲಗಿದ ಕೂಸು ನಿದ್ದೆಯಲ್ಲೇ ಸದ್ದಿಲ್ಲದೆ ತೀರಿಹೋಗುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ 1994ರಲ್ಲಿ ಬೆನ್ನ ಮೇಲೆ ಮಲಗಿಸುವ ಪ್ರಚಾರ ಶುರುವಾದ ಮೇಲೆ ಅಂಥ ಸಾವುಗಳು ಅರ್ಧದಷ್ಟು ಕಡಿಮೆಯಾದವು. ದಿಂಬು, ದಪ್ಪ ರಗ್ಗು, ಮೆತ್ತನೆ ಬೊಂಬೆ ಮುಖದ ಹತ್ತಿರ ಇರಬಾರದು. ಮದ್ಯ ಕುಡಿದವರು, ಬೀಡಿ ಸೇದುವವರು ಕೂಸಿನ ಜೊತೆ ಮಲಗಬಾರದು. ಬಟ್ಟೆಯಲ್ಲಿ ಸುತ್ತುವಾಗ ಕೈ ಕಟ್ಟಿದರೂ ಕಾಲು ಮಡಚಿ ಅಗಲಿಸಲು ಜಾಗ ಬಿಡಿ, ನೆಟ್ಟಗೆ ಬಿಗಿದು ಕಟ್ಟಿದರೆ ಸೊಂಟದ ಕೀಲು ಜಾರಬಹುದು.

ಕೂಸಿಗೆ ಹುಟ್ಟಿದಾಗ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ. ಹಾಲು ಕುಡಿಯುವಾಗ ತಾಯಿಯ ಮುಖವಿರುವುದೂ ಅಷ್ಟೇ ದೂರದಲ್ಲಿ. ಹತ್ತಿರದ ಚನ್ನಪಟ್ಟಣದ ಗಿಲಕಿಗಳು ಈ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ಆಲೆ ಮರದ ತುಂಡನ್ನು ಮರ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಒರೆಸಿದರೆ ಹೊಳಪು. ಅರಿಶಿನದಂಥ ಸಸ್ಯಮೂಲದ ಬಣ್ಣ ಬಳಸಿದ್ದನ್ನು ಕೇಳಿ ತರಬೇಕು, ಏಕೆಂದರೆ ಅಗ್ಗದ ಬಣ್ಣಗಳಲ್ಲಿ ಸೀಸ ಇರಬಹುದು ಮತ್ತು ಮುಂದಿನ ತಿಂಗಳುಗಳಲ್ಲಿ ಗಿಲಕಿ ಸೇರುವುದು ಬಾಯಿಗೇ. ಗಿಲಕಿಯ ಸದ್ದಿಗೆ ಕೂಸು ಬೆಚ್ಚಲಿಲ್ಲ, ಕಣ್ಣರಳಿಸಲಿಲ್ಲ ಎನಿಸಿದರೆ ಕಾದು ನೋಡುವುದು ಬೇಡ. ಮೊದಲ ತಿಂಗಳಲ್ಲೇ ಶ್ರವಣ ಪರೀಕ್ಷೆ ಆಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಯನ್ನು ಆಸ್ಪತ್ರೆಗಳಿಗೂ ಒಯ್ದಿದೆ. ಬೇಗ ಗೊತ್ತಾದರೆ ಮಾತು ಉಳಿಯುತ್ತದೆ.

ತಾಯಿಯ ಆರೈಕೆ ಕೂಸಿನ ಆರೈಕೆಯೇ. ಬಾಣಂತಿಗೆ ನೀರು ಕಡಿಮೆ ಕೊಟ್ಟು, ಪಥ್ಯದ ಹೆಸರಲ್ಲಿ ಸೊಪ್ಪು ತರಕಾರಿ ಬಿಡಿಸುವುದರಿಂದ ಮಲಬದ್ಧತೆ, ನಿಶ್ಶಕ್ತಿ. ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಬಾಯಾರಿದಷ್ಟು ನೀರು ಅವಳ ಹಕ್ಕು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ-ಮಗು’ ಎಂದು ಪುಸ್ತಕಕ್ಕೆ ಹೆಸರಿಟ್ಟು ಇಬ್ಬರನ್ನೂ ಒಟ್ಟಿಗೆ ನೋಡಿದ್ದು ಸುಮ್ಮನೆ ಅಲ್ಲ. ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು, ನಿದ್ದೆಗೇಡು, ಕೂಸನ್ನು ಕಂಡರೆ ಬೇಡವೆನಿಸುವುದು ಉಳಿದರೆ ಅದು ಸೊಕ್ಕೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಚಿಕಿತ್ಸೆಯಿರುವ ಕಾಯಿಲೆ. ತಾಯಿ, ಕೂಸನ್ನು ಅಗಲಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ದೇಶದ ಮೊದಲ ಮಾನಸಿಕ ಆರೋಗ್ಯ ಘಟಕ 2009ರಲ್ಲಿ ಶುರುವಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಅಷ್ಟು ದೂರ ಹೋಗುವ ಮುಂಚೆ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಬ್ಬಾಳಿನ ದೇವಿ ಕಬ್ಬಾಳಮ್ಮನಿಗೆ ಹರಕೆ ಹೊತ್ತವರಿಗೆ ಕೂಸನ್ನು ಬೇಗ ಅಮ್ಮನ ಮುಂದೆ ಮಲಗಿಸುವ ಆಸೆ ಇರುತ್ತದೆ. ಜಾತ್ರೆಯ ದಿನದ ನೂಕುನುಗ್ಗಲು, ಕೆಮ್ಮು, ಧೂಳು ಹಸುಗೂಸಿಗೆ ಒಳ್ಳೆಯದಲ್ಲ. ಒಂದೂವರೆ ತಿಂಗಳು ಕಳೆಯಲಿ, ಲಸಿಕೆ ಆಗಲಿ, ಜನ ಕಡಿಮೆಯಿರುವ ದಿನ ಬೆಳಿಗ್ಗೆಯೇ ಹೋಗಿ ಬರಲಿ. ಹುಟ್ಟಿದಾಗಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ಮತ್ತು ರಕ್ತಸ್ರಾವ ತಡೆಯುವ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಬೇಕು. ಆರು ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ, ನ್ಯುಮೋಕಾಕಲ್ ಲಸಿಕೆಗಳು. ಆಶಾಳ ಕೊನೆಯ ಭೇಟಿಯ 42ನೇ ದಿನವೇ ಆರು ವಾರ ತುಂಬುವ ದಿನ. ಚುಚ್ಚಿದ ಜಾಗ ಊದುವುದು, ಒಂದೆರಡು ದಿನ ಜ್ವರ ಬರುವುದು ಸಹಜ. ಆ ಜಾಗಕ್ಕೆ ಎಣ್ಣೆ, ಅರಿಶಿನ, ಬಿಸಿ ಕಾವು ಯಾವುದೂ ಬೇಡ. ಜ್ವರದ ಹನಿಯನ್ನು ನರ್ಸಮ್ಮ ತೂಕ ನೋಡಿ ಹೇಳಿದಷ್ಟೇ ಹಾಕಿ, ಎದೆಹಾಲು ಹೆಚ್ಚು ಸಲ ಕೊಡಬೇಕು. ಮುಂದಿನ ಸುತ್ತು ಹತ್ತನೇ ವಾರಕ್ಕೆ, ಅದರ ಮುಂದಿನದು ಹದಿನಾಲ್ಕಕ್ಕೆ.